ನಲ್ಲಿ, ನಿವೇಶನ, ಬಾಡಿಗೆ ಮನೆ

ಸಂಸದರಿಗೆ ಕುರ್ಚಿ ಹಾಕಿದರು, ಆದರೆ ಹಟ್ಟಿಯ ಹೊರಗೆ. 2019ರ ಸೆಪ್ಟೆಂಬರ್ 16, ಸೋಮವಾರ. ಚಿತ್ರದುರ್ಗ ಕ್ಷೇತ್ರದ ಲೋಕಸಭಾ ಸದಸ್ಯರಾಗಿದ್ದ ಎ. ನಾರಾಯಣಸ್ವಾಮಿ ಪಾವಗಡ ತಾಲ್ಲೂಕಿನಲ್ಲಿ ಕಾಡುಗೊಲ್ಲರು ವಾಸಿಸುವ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಬಂದಿದ್ದರು. ಜನರ ಕಷ್ಟ ಕೇಳಿ, ಕಂಪನಿಗಳ ನೆರವಿನಲ್ಲಿ ಏನಾದರೂ ಸೌಕರ್ಯ ಮಾಡಿಸಬಹುದೇ ಎಂದು ನೋಡುವುದು ಅವರ ಉದ್ದೇಶ. ಪರಿಶಿಷ್ಟ ಜಾತಿಯವರು ಹಟ್ಟಿಯೊಳಗೆ ಕಾಲಿಡುವ ರೂಢಿ ಇಲ್ಲ ಎಂದು ಕೆಲವರು ತಡೆದರು. ಮಾತುಕತೆ ನಡೆಯಿತು, ಸಂಸದರು ಹೊರಗೇ ಕೂತು, ಹಾಗೇ ವಾಪಸಾದರು. ಪೊಲೀಸರನ್ನು ಮುಂದಿಟ್ಟುಕೊಂಡು ಒಳಹೋಗುವುದರಲ್ಲಿ ಅರ್ಥವಿಲ್ಲ, ಜನರ ಮನಸ್ಸು ಬದಲಾಗಬೇಕು ಎಂಬುದು ಅವರ ನಿಲುವಾಗಿತ್ತು. ಸುದ್ದಿ ದೇಶವೆಲ್ಲ ಸುತ್ತಿತು. ಕೆಲವೇ ದಿನಗಳಲ್ಲಿ ಹಟ್ಟಿಯವರೇ ಅವರನ್ನು ಬರಮಾಡಿಕೊಂಡರು. ಎರಡು ವರ್ಷ ತುಂಬುವ ಮೊದಲೇ, 2021ರ ಜುಲೈನಲ್ಲಿ, ಅದೇ ನಾರಾಯಣಸ್ವಾಮಿ ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಖಾತೆಯ ರಾಜ್ಯ ಸಚಿವರಾದರು.

ಚಿತ್ರದುರ್ಗ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ತುಮಕೂರು ಜಿಲ್ಲೆಯ ಶಿರಾ ಮತ್ತು ಪಾವಗಡ ಅದರೊಳಗೇ ಬರುತ್ತವೆ. ಪಾವಗಡ, ಕೊರಟಗೆರೆ ವಿಧಾನಸಭಾ ಕ್ಷೇತ್ರಗಳೂ ಮೀಸಲು. 2008ರ ಕ್ಷೇತ್ರ ವಿಂಗಡಣೆಗೆ ಮುಂಚೆ ಮಧುಗಿರಿಯೂ ಮೀಸಲಾಗಿತ್ತು, ಜಿ. ಪರಮೇಶ್ವರ 1989ರಲ್ಲಿ ಮೊದಲ ಸಲ ಶಾಸಕರಾದದ್ದು ಅಲ್ಲಿಂದಲೇ. ಮುಂದೆ ಕೊರಟಗೆರೆಯಿಂದ ಗೆದ್ದು ಉಪಮುಖ್ಯಮಂತ್ರಿಯೂ ಗೃಹ ಸಚಿವರೂ ಆದರು. ಹಾಗಾಗಿ ಈ ಸೀಮೆಗೆ ದಲಿತ ನಾಯಕತ್ವ ಹೊಸದೇನಲ್ಲ. ಆದರೆ ವಿಧಾನಸೌಧದ ಬಾಗಿಲು ತೆರೆದಷ್ಟು ಸಲೀಸಾಗಿ ಹಟ್ಟಿಯ ಬಾಗಿಲಾಗಲೀ ಊರ ಗುಡಿಯ ಬಾಗಿಲಾಗಲೀ ಪೇಟೆಯ ಬಾಡಿಗೆ ಮನೆಯ ಬಾಗಿಲಾಗಲೀ ತೆರೆದಿಲ್ಲ. ಓಟಿನಿಂದ ಆಗದ ಈ ಕೆಲಸ ಯಾವುದರಿಂದ ಆದೀತು? ತಾಲ್ಲೂಕು ಕೇಂದ್ರಗಳಾದ ಪುಟ್ಟ ಪಟ್ಟಣಗಳ ಕೈಯಲ್ಲಿ ಏನಿದೆ?

ಬಣ್ಣವಲ್ಲ, ಹುಟ್ಟು

ಜನಾಂಗಭೇದ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಅಮೆರಿಕ, ದಕ್ಷಿಣ ಆಫ್ರಿಕಾ. ಬಣ್ಣದ ಭೇದ ಕರ್ನಾಟಕದಲ್ಲೂ ಇಲ್ಲದಿಲ್ಲ. 2012ರ ಆಗಸ್ಟ್‌ನಲ್ಲಿ ದಾಳಿಯ ವದಂತಿಗೆ ಹೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದ್ದರು. 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟದ ಬಳಿ ಸುಡಾನ್ ಪ್ರಜೆಯೊಬ್ಬನ ಕಾರು ಸ್ಥಳೀಯ ಮಹಿಳೆಯ ಮೇಲೆ ಹರಿದಾಗ, ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಚರ್ಮದ ಬಣ್ಣವೊಂದೇ ಅವಳ ತಪ್ಪು.

ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಬಣ್ಣ ನೋಡಿ ಯಾರನ್ನೂ ದೂರ ಇಡುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಹುಟ್ಟು. ಅಂತರರಾಷ್ಟ್ರೀಯ ಕಾನೂನು ಇವೆರಡನ್ನೂ ಒಂದೇ ಕಡೆ ಇಟ್ಟು ನೋಡುತ್ತದೆ. ಎಲ್ಲ ಬಗೆಯ ಜನಾಂಗಭೇದದ ನಿರ್ಮೂಲನೆಗಾಗಿ ವಿಶ್ವಸಂಸ್ಥೆ 1965ರಲ್ಲಿ ರೂಪಿಸಿದ ಒಡಂಬಡಿಕೆ ಬಣ್ಣ, ಬುಡಕಟ್ಟುಗಳ ಜೊತೆಗೆ ವಂಶಮೂಲವನ್ನೂ ಹೆಸರಿಸಿದೆ. ಭಾರತ ಅದನ್ನು 1968ರಲ್ಲಿ ಒಪ್ಪಿಕೊಂಡಿತು. 2001ರಲ್ಲಿ ಡರ್ಬನ್‌ನಲ್ಲಿ ನಡೆದ ಜನಾಂಗಭೇದ ವಿರೋಧಿ ಸಮ್ಮೇಳನದ ಹೊತ್ತಿಗೆ ಜಾತಿಯನ್ನು ಅಲ್ಲಿ ಚರ್ಚಿಸಬೇಕೆಂದು ದಲಿತ ಸಂಘಟನೆಗಳು ಪಟ್ಟು ಹಿಡಿದವು. ಜಾತಿಯೂ ಜನಾಂಗವೂ ಬೇರೆಬೇರೆ ಎಂದು ಭಾರತ ಸರ್ಕಾರ ವಾದಿಸಿತು. ಮರುವರ್ಷವೇ ಒಡಂಬಡಿಕೆಯ ಉಸ್ತುವಾರಿ ಸಮಿತಿ, ವಂಶಮೂಲದ ಭೇದದಲ್ಲಿ ಜಾತಿಯೂ ಸೇರುತ್ತದೆ ಎಂದು ಸ್ಪಷ್ಟಪಡಿಸಿತು. 2023ರ ಫೆಬ್ರುವರಿ 21ರಂದು ಅಮೆರಿಕದ ಸಿಯಾಟಲ್ ಜಾತಿತಾರತಮ್ಯವನ್ನು ನಿಷೇಧಿಸಿದ ಆ ದೇಶದ ಮೊದಲ ನಗರವಾಯಿತು. ಅದಕ್ಕೆ ಪಟ್ಟು ಹಿಡಿದವರು ಆಗ ಅಲ್ಲಿನ ನಗರಸಭಾ ಸದಸ್ಯೆಯಾಗಿದ್ದ ಕ್ಷಮಾ ಸಾವಂತ್. ಯುರೋಪಿನ ನಗರಗಳು ಜನಾಂಗಭೇದದ ವಿರುದ್ಧ 2004ರಲ್ಲೇ ನ್ಯೂರೆಂಬರ್ಗ್‌ನಲ್ಲಿ ಒಕ್ಕೂಟ ಕಟ್ಟಿಕೊಂಡು ಹತ್ತು ಅಂಶಗಳ ಕಾರ್ಯಯೋಜನೆ ಒಪ್ಪಿಕೊಂಡಿದ್ದವು. ದೂರು ಕೇಳುವ ವ್ಯವಸ್ಥೆ, ವಸತಿ, ಉದ್ಯೋಗ, ಶಿಕ್ಷಣ ಎಲ್ಲವೂ ಆ ಪಟ್ಟಿಯಲ್ಲಿವೆ.

ದೂರದ ಊರುಗಳ ಪಟ್ಟಿ ಇಲ್ಲಿಗೆ ಹೊಂದುತ್ತದೆಯೇ ಎಂದು ನೋಡಲು ಮಧುಗಿರಿಗಿಂತ ತಕ್ಕ ಜಾಗ ಸಿಗುವುದು ಕಷ್ಟ.

ನಾಲ್ಕು ಪಟ್ಟಣ, ಹಲವು ಜನ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಒಂದು ಕಂದಾಯ ಉಪವಿಭಾಗ. ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಶಿರಾದಲ್ಲಿ ನಗರಸಭೆ, ಮಧುಗಿರಿ ಮತ್ತು ಪಾವಗಡದಲ್ಲಿ ಪುರಸಭೆ, ಕೊರಟಗೆರೆಯಲ್ಲಿ ಪಟ್ಟಣ ಪಂಚಾಯಿತಿ. 2011ರ ಜನಗಣತಿಯಂತೆ ತುಮಕೂರು ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 19 ಮಂದಿ ಪರಿಶಿಷ್ಟ ಜಾತಿಯವರು, ಸುಮಾರು 8 ಮಂದಿ ಪರಿಶಿಷ್ಟ ಪಂಗಡದವರು. ಕುಂಚಿಟಿಗರು, ಕುರುಬರು, ನಾಯಕರು, ಕಾಡುಗೊಲ್ಲರು, ಮಾದಿಗರು, ಹೊಲೆಯರು, ಲಂಬಾಣಿಗರು, ಮುಸ್ಲಿಮರು, ಅಲೆಮಾರಿಗಳು, ಎಲ್ಲರೂ ಇಲ್ಲಿದ್ದಾರೆ.

ಶಿರಾ ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿ. 1687ರಿಂದ ಸುಮಾರು ಎಪ್ಪತ್ತು ವರ್ಷ ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಪೆನುಕೊಂಡೆಗಳವರೆಗಿನ ಸೀಮೆಯನ್ನು ಇಲ್ಲಿಂದಲೇ ಆಳುತ್ತಿದ್ದರು. ಜುಮ್ಮಾ ಮಸೀದಿಯೂ ಮಲಿಕ್ ರೆಹಾನ್ ದರ್ಗಾವೂ ಇಂದಿಗೂ ಇವೆ. ಅದೇ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಕಾಡುಗೊಲ್ಲರ ವೀರ ಜುಂಜಪ್ಪನ ಗುಡ್ಡೆ ಇದೆ. ಗಣೆ ಊದುತ್ತ ಅವನ ಕಥೆ ಹಾಡುವವರು ಇನ್ನೂ ಇದ್ದಾರೆ. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಗಡಿ ದಾಟಿ ಮಡಕಶಿರಾ ಕಡೆ ಹೋದರೆ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು. ಭಾಷೆಯ ವಿಚಾರದಲ್ಲಿ ಇಲ್ಲಿಯವರಿಗೆ ಯಾರೂ ಸಹಬಾಳ್ವೆಯ ಪಾಠ ಹೇಳಬೇಕಾಗಿಲ್ಲ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸಿ ಕಡಲೆಕಾಯಿ ವ್ಯಾಪಾರ ಮುಗಿಸುವವರು, ದಲಿತರಿಗೆ ಬೇರೆ ಲೋಟ ಇಡುವ ವಿಚಾರ ಬಂದಾಗ ಮಾತ್ರ ತಡವರಿಸುತ್ತಾರೆ.

ಐದು ರೂಪಾಯಿಯ ನಾಣ್ಯ

ಪಾವಗಡದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲಿಗೆ ಕಂದು ಕಲೆ, ಮಂಡಿ ಸವೆತ ಇಲ್ಲಿಯ ಹಳೇ ಕಾಯಿಲೆಗಳು. ಅದಕ್ಕೇ ಹಳ್ಳಿಹಳ್ಳಿಗೂ ಶುದ್ಧ ನೀರಿನ ಘಟಕ ಬಂತು. ನಾಣ್ಯ ಹಾಕಿ ಗುಂಡಿ ಒತ್ತಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುತ್ತದೆ. ಯಂತ್ರಕ್ಕೆ ಮುಂದೆ ನಿಂತವರ ಕುಲ ಗೊತ್ತಾಗುವುದಿಲ್ಲ. ಬಾವಿಯ ಕಾಲದಲ್ಲಿ ಮೇಲಿಂದ ಯಾರಾದರೂ ನೀರು ಹೊಯ್ಯಲಿ ಎಂದು ಬಿಂದಿಗೆ ಹಿಡಿದು ಕಾಯುತ್ತಿದ್ದವರ ಮೊಮ್ಮಕ್ಕಳು ಈಗ ಬೈಕಿನ ಹಿಂದೆ ಕ್ಯಾನ್ ಕಟ್ಟಿಕೊಂಡು ಬಂದು ಸಾಲಿನಲ್ಲಿ ನಿಲ್ಲುತ್ತಾರೆ.

ಆದರೆ ಆ ಘಟಕವನ್ನು ಎಲ್ಲಿ ಕೂರಿಸುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ದೇವಸ್ಥಾನದ ಅಂಗಳದ ಮಗ್ಗುಲಿಗೆ ಹಾಕಿದರೆ ಕೇರಿಯವರು ಬರಲು ಹಿಂಜರಿಯುತ್ತಾರೆ. ಕೇರಿಯೊಳಗೆ ಹಾಕಿದರೆ ಊರಿನವರು ಬರುವುದಿಲ್ಲ. ತಮಗೊಂದು ಬೇರೆ ಬೇಕು ಎನ್ನುತ್ತಾರೆ, ಅದೂ ಮಂಜೂರಾಗುತ್ತದೆ. ಬಸ್ ನಿಲ್ದಾಣದ ಬಳಿಯೋ ಶಾಲೆಯ ಎದುರಿಗೋ ಹಾಕಿದ ಕಡೆ ಮಾತ್ರ ಎಲ್ಲರ ಕ್ಯಾನೂ ಒಂದೇ ಸಾಲಿನಲ್ಲಿ ಕೂರುತ್ತದೆ. ಭೇದ ಅಳಿಸುವುದರಲ್ಲಿ ಭಾಷಣಕಾರರಿಗಿಂತ ಎಂಜಿನಿಯರ್ ಹಾಕುವ ಗುರುತಿನ ಕಲ್ಲಿಗೆ ಹೆಚ್ಚಿನ ಪಾತ್ರವಿರುವುದು ಹೀಗೆ.

ನಿವೇಶನದ ಕಥೆಯೂ ಇದೇ. ಸರ್ಕಾರ ಮನೆ ಕೊಡುವಾಗ ಜನತಾ ಕಾಲೊನಿ, ಅಂಬೇಡ್ಕರ್ ಕಾಲೊನಿ, ಪೌರಕಾರ್ಮಿಕರ ಕಾಲೊನಿ ಎಂದು ಊರಂಚಿನಲ್ಲಿ ಬೇರೆಬೇರೆ ಬಡಾವಣೆ ಮಾಡಿತು. ತಲೆಯ ಮೇಲೆ ಸೂರೇನೋ ಬಂತು. ಆದರೆ ಹಳ್ಳಿಯ ಕೇರಿ ಪಟ್ಟಣದಲ್ಲಿ ಆರ್‌ಸಿಸಿ ಛಾವಣಿ ಹೊದ್ದು ಮತ್ತೆ ಹುಟ್ಟಿತು. ಪೌರಕಾರ್ಮಿಕರಿಗೆ ಮನೆ ಕಟ್ಟಿಸಿಕೊಡುವ ಗೃಹಭಾಗ್ಯದಂಥ ಯೋಜನೆಗಳಿವೆ. ಆ ಮನೆಗಳು ಕಸ ಸುರಿಯುವ ಜಾಗದ ಹಾದಿಯಲ್ಲಿರಬೇಕೋ ಎಲ್ಲರ ಬಡಾವಣೆಯ ನಡುವೆ ಇರಬೇಕೋ ಎನ್ನುವುದು ಪುರಸಭೆಯ ಸಭೆಯಲ್ಲಿ ತೀರ್ಮಾನವಾಗುವ ವಿಷಯ. ಅದಕ್ಕೆ ಹೊಸ ಕಾನೂನು ಬೇಕಿಲ್ಲ.

'ನಿಮ್ದು ಯಾವ ಜನ?'

ಹಳ್ಳಿಯನ್ನು ಹೊಗಳುವವರನ್ನು ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ತರಾಟೆಗೆ ತೆಗೆದುಕೊಂಡಿದ್ದರು. ಊರು ಬಿಟ್ಟು ಪೇಟೆ ಸೇರಿದರೆ ಜಾತಿಯ ಹಿಡಿತ ಸಡಿಲಾಗುತ್ತದೆ ಎಂಬ ನಂಬಿಕೆ ದಲಿತ ಚಳವಳಿಯಲ್ಲಿ ಬಹಳ ಕಾಲದಿಂದ ಇದೆ. ಅದು ಸುಳ್ಳಲ್ಲ. ಊರ ಕ್ಷೌರಿಕನು ಕತ್ತರಿ ಮುಟ್ಟದ ಕಡೆಗಳಿಂದ ಯುವಕರು ಬಸ್ ಹತ್ತಿ ತಾಲ್ಲೂಕು ಕೇಂದ್ರದ ಸಲೂನಿಗೆ ಬರುತ್ತಾರೆ. ಹೋಟೆಲಿನಲ್ಲಿ ಎಲ್ಲರಿಗೂ ಒಂದೇ ತಟ್ಟೆ. ಸರ್ಕಾರಿ ಬಸ್ಸಿನಲ್ಲಿ ಯಾರ ಪಕ್ಕ ಯಾರು ಬೇಕಾದರೂ ಕೂರುತ್ತಾರೆ.

ಪೇಟೆಯ ಉದಾರತೆ ಬಾಡಿಗೆ ಮನೆಯ ಹೊಸಿಲಲ್ಲಿ ನಿಂತುಬಿಡುತ್ತದೆ. ವರ್ಗವಾಗಿ ಬಂದ ಶಿಕ್ಷಕಿಯೋ ನರ್ಸೋ ಮನೆ ಹುಡುಕುತ್ತ ಹೊರಟರೆ ಮೊದಲ ಪ್ರಶ್ನೆ, 'ಮೇಡಂ, ಸ್ವಂತ ಊರು ಯಾವುದು?' ಎರಡನೆಯದು, 'ಬಾಡು ಗೀಡು ಮಾಡಲ್ಲ ತಾನೆ?' ಅಷ್ಟರಲ್ಲೂ ತಿಳಿಯದಿದ್ದರೆ ನೇರವಾಗಿ, 'ಬೇಜಾರ್ ಮಾಡ್ಕೋಬೇಡಿ, ನಿಮ್ದು ಯಾವ ಜನ?' ಉತ್ತರ ಸರಿಬರದಿದ್ದರೆ ಮನೆ ಅದೇ ಕ್ಷಣಕ್ಕೆ ಬೇರೆಯವರಿಗೆ ಮಾತಾಗಿರುತ್ತದೆ. ಮುಸ್ಲಿಮರಿಗೆ ಈ ಮೂರನೆಯ ಪ್ರಶ್ನೆಯವರೆಗೂ ಹೋಗುವ ಭಾಗ್ಯವಿಲ್ಲ. ಹೆಸರು ಹೇಳಿದರೆ ಸಾಕು. ಕಾರ್ಖಾನೆ, ಕಟ್ಟಡ ಕೆಲಸಕ್ಕೆಂದು ಬಿಹಾರ, ಒಡಿಶಾ, ಅಸ್ಸಾಂಗಳಿಂದ ಬಂದವರು ಶೆಡ್ಡಿನಲ್ಲೇ ಉಳಿಯುತ್ತಾರೆ.

ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ಯಾವುದೇ ಪ್ರದೇಶದಲ್ಲಿ ಮನೆ ಕಟ್ಟುವುದನ್ನು, ಕೊಳ್ಳುವುದನ್ನು, ವಾಸ ಮಾಡುವುದನ್ನು ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಂಗಡಿ, ಹೋಟೆಲ್, ನಲ್ಲಿ, ಸ್ಮಶಾನಗಳೂ ಅದೇ ಕಲಮಿನಲ್ಲಿವೆ. ಆದರೆ 'ಮನೆ ಖಾಲಿ ಇಲ್ಲ' ಎಂಬ ಮಾತಿಗೆ ಸಾಕ್ಷಿ ಹುಡುಕುವುದು ಕಷ್ಟ. ಸಿಯಾಟಲ್‌ನಂಥ ನಗರಗಳು ಮನೆ ಬಾಡಿಗೆಯ ದೂರನ್ನು ಪೊಲೀಸ್ ಠಾಣೆಗೆ ಬಿಡದೆ ನಗರಾಡಳಿತದ ನಾಗರಿಕ ಹಕ್ಕುಗಳ ಕಚೇರಿಗೇ ಒಪ್ಪಿಸಿರುವುದು ಅದಕ್ಕೇ. ಮಧುಗಿರಿಯಲ್ಲಿ ಅಂಥ ಕಚೇರಿ ಇಲ್ಲ. ಆದರೆ ಅದಕ್ಕೆ ಹತ್ತಿರದ ಒಂದು ವ್ಯವಸ್ಥೆ ಇದೆ.

ಉಪವಿಭಾಗಾಧಿಕಾರಿಯ ಮೇಜು

ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. 2016ರ ಜನವರಿ 26ರಂದು ಜಾರಿಯಾದ ತಿದ್ದುಪಡಿ ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರವನ್ನೂ ಅಪರಾಧದ ಪಟ್ಟಿಗೆ ಸೇರಿಸಿತು. ಡಿವೈಎಸ್‌ಪಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿ ತನಿಖೆ ಮಾಡಬೇಕು, ಅರವತ್ತು ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲಿಸಬೇಕು. ಇದೇ ಕಾಯ್ದೆಯ ನಿಯಮಗಳಂತೆ ಉಪವಿಭಾಗ ಮಟ್ಟದಲ್ಲೂ ಒಂದು ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇರಬೇಕು. ಅಧ್ಯಕ್ಷರು ಉಪವಿಭಾಗಾಧಿಕಾರಿ; ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು.

ಅಂದರೆ ನಾಲ್ಕೂ ತಾಲ್ಲೂಕುಗಳ ದೂರು ಬಂದು ಸೇರುವ ಮೇಜು ಮಧುಗಿರಿಯಲ್ಲೇ ಇದೆ. ಆ ಸಭೆಯಲ್ಲಿ ಎಷ್ಟು ಪ್ರಕರಣ ದಾಖಲಾದವು, ಎಷ್ಟು ಮಂದಿಗೆ ಪರಿಹಾರ ಹೋಯಿತು ಎಂಬ ಲೆಕ್ಕದ ಜೊತೆಗೆ ಯಾವ ಹಳ್ಳಿಯಲ್ಲಿ ದಲಿತರಿಗೆ ಹೆಣ ಹೂಳಲು ಜಾಗವಿಲ್ಲ, ಯಾವ ಊರಿನ ಹೋಟೆಲಿನಲ್ಲಿ ಲೋಟ ಬೇರೆ, ಯಾವ ಶಾಲೆಯ ಬಿಸಿಯೂಟದಲ್ಲಿ ಪಂಕ್ತಿ ಬೇರೆ ಎಂಬುದನ್ನೂ ಕೇಳಬಹುದು. ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ 2021ರಲ್ಲಿ ದಲಿತ ಮಗುವೊಂದು ಗುಡಿಯೊಳಗೆ ಹೋಯಿತೆಂದು ದಂಡ ಕೇಳಿದ ಪ್ರಕರಣದ ನಂತರ ಸರ್ಕಾರ 'ವಿನಯ ಸಾಮರಸ್ಯ' ಎಂಬ ಜಾಗೃತಿ ಯೋಜನೆ ತಂದಿತು. ಪ್ರಕರಣ ಆದ ಮೇಲೆ ಯೋಜನೆ ಬರುವುದು ನಮ್ಮ ರೂಢಿ. ಮೊದಲೇ ಪಟ್ಟಿ ಮಾಡಿಕೊಂಡು ಹೊರಡುವುದಕ್ಕೂ ನಿಯಮದಲ್ಲಿ ಅವಕಾಶವಿದೆ.

ದೂರ ಇಟ್ಟವರೂ ದೂರ ಉಳಿದವರೇ

ಪೆಮ್ಮನಹಳ್ಳಿಯ ಪ್ರಸಂಗ ನಡೆದಾಗ ಕಾಡುಗೊಲ್ಲರನ್ನು ಬೈದು ಬರೆದವರೇ ಹೆಚ್ಚು. ಆದರೆ ಹಟ್ಟಿಯ ಸ್ಥಿತಿ ಅಷ್ಟು ಸರಳವಲ್ಲ. ಕುರಿ, ದನ ಕಾಯುತ್ತ ಊರಿಂದ ಹೊರಗೇ ಬದುಕಿದ ಜನ ಅವರು. ಓದು, ನೌಕರಿಯಲ್ಲಿ ಬಹಳ ಹಿಂದೆ. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಅವರ ಬೇಡಿಕೆ ವರ್ಷಗಳಿಂದ ದೆಹಲಿಯ ಕಡತದಲ್ಲಿದೆ. 2020ರ ಶಿರಾ ಉಪಚುನಾವಣೆಯ ಹೊತ್ತಿಗೆ ಕಾಡುಗೊಲ್ಲ ಅಭಿವೃದ್ಧಿ ನಿಗಮದ ಘೋಷಣೆಯಾಯಿತು.

ಹೊರಗಿನವರನ್ನು ತಡೆಯುವ ಅದೇ ಬೇಲಿ ಹಟ್ಟಿಯ ಹೆಣ್ಣುಮಕ್ಕಳನ್ನೂ ಹೊರಗಿಡುತ್ತದೆ. ಮುಟ್ಟಾದವರು, ಹೆರಿಗೆಯಾದವರು ಗುಡಿಸಲಿನಲ್ಲಿ ಇರಬೇಕು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹಾಗೆ ಹೊರಗೆ ಇರಿಸಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಮುಟ್ಟಿನ, ಬಸಿರಿನ ಕಾರಣಕ್ಕೆ ಹೆಣ್ಣನ್ನು ಬೇರೆ ಇರಿಸುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆ ನಿಷೇಧಿಸಿದೆ. ಅದು ಜಾರಿಗೆ ಬಂದದ್ದು 2020ರಲ್ಲಿ. ಅದಕ್ಕೂ ಮೊದಲು ಸರ್ಕಾರವೇ ಹಟ್ಟಿಗಳ ಬಳಿ 'ಕೃಷ್ಣ ಕುಟೀರ' ಎಂಬ ಕಟ್ಟಡಗಳನ್ನು ಕಟ್ಟಿಸಿತ್ತು. ಮಳೆಯಲ್ಲಿ ನೆನೆಯುವ ಬದಲು ಸೂರಿನಡಿ ಇರಲಿ ಎಂಬ ಕರುಣೆ ಅದರ ಹಿಂದಿತ್ತು ನಿಜ, ಆದರೆ ನಿಲ್ಲಿಸಬೇಕಾದ ಪದ್ಧತಿಗೆ ಸರ್ಕಾರವೇ ಗೋಡೆ ಎಬ್ಬಿಸಿಕೊಟ್ಟಂತಾಯಿತು.

ಇಲ್ಲಿ ಪಟ್ಟಣದ ಪಾತ್ರ ಚಿಕ್ಕದಲ್ಲ. ಹೆರಿಗೆ ಆಗುವುದು ತಾಲ್ಲೂಕು ಆಸ್ಪತ್ರೆಯಲ್ಲಿ. ಅಲ್ಲಿ ತಾಯಿ ಮಗು ಎಲ್ಲರ ನಡುವೆಯೇ ಮಲಗಿರುತ್ತಾರೆ. ಹಟ್ಟಿಗೆ ಮರಳಿದ ಮೇಲಷ್ಟೇ ಗುಡಿಸಲು. ಮನೆಯೊಳಗೇ ಇರಿಸಿಕೊಳ್ಳುವ ಭರವಸೆ ಸಿಗುವವರೆಗೆ ವಾರ್ಡಿನಲ್ಲೇ ಉಳಿಸಿಕೊಳ್ಳುವುದು, ಆಶಾ ಕಾರ್ಯಕರ್ತೆ ಮೂರನೇ ದಿನವೇ ಹೋಗಿ ನೋಡುವುದು, ಹಟ್ಟಿಯ ಹುಡುಗಿಯರಿಗೆ ಹಾಸ್ಟೆಲಿನಲ್ಲಿ ಜಾಗ ಕೊಡುವುದು, ಇವೆಲ್ಲ ಆಗುವ ಕೆಲಸಗಳು. ಹಾಸ್ಟೆಲಿನಲ್ಲಿ ಐದು ವರ್ಷ ಎಲ್ಲರೊಡನೆ ಉಂಡು ಮಲಗಿದ ಹುಡುಗಿ ಮುಟ್ಟಿನ ಗುಡಿಸಲಿಗೆ ಸುಲಭವಾಗಿ ಹೋಗುವುದಿಲ್ಲ.

ಸಹಪಂಕ್ತಿಗೆ ಈ ಜಿಲ್ಲೆಯಲ್ಲೇ ದೊಡ್ಡ ಮಾದರಿ ಇದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಬೆಳೆಸಿದ ಉಚಿತ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿ ಧರ್ಮಗಳ ಸಾವಿರಾರು ಹುಡುಗರು ಒಟ್ಟಿಗೆ ಉಣ್ಣುತ್ತಾರೆ. ಇದಕ್ಕೆ ಹೋಲಿಸಿದರೆ ಸರ್ಕಾರಿ ಹಾಸ್ಟೆಲುಗಳು ಇಲಾಖೆಗೊಂದರಂತೆ ಬೇರೆ: ಸಮಾಜ ಕಲ್ಯಾಣದ್ದು ಒಂದು, ಹಿಂದುಳಿದ ವರ್ಗದ್ದು ಒಂದು, ಅಲ್ಪಸಂಖ್ಯಾತರದ್ದು ಇನ್ನೊಂದು. ಹಕ್ಕು ಕಾಪಾಡಲು ಈ ವಿಂಗಡಣೆ ಬೇಕಿತ್ತು. ಆದರೆ ಒಂದೇ ಕಾಲೇಜಿಗೆ ಹೋಗುವ ಮಕ್ಕಳು ಸಂಜೆ ಮೂರು ದಿಕ್ಕಿಗೆ ಹೋಗುತ್ತಾರೆ. ಒಂದೇ ಆವರಣ, ಒಂದೇ ಗ್ರಂಥಾಲಯ, ಒಂದೇ ಆಟದ ಬಯಲು ಕೊಡುವುದಕ್ಕೆ ಯಾವ ಮೀಸಲಾತಿ ನಿಯಮವೂ ಅಡ್ಡಿ ಬರುವುದಿಲ್ಲ.

ಭವನಗಳ ಊರು

ಯಾವುದೇ ತಾಲ್ಲೂಕು ಕೇಂದ್ರದಲ್ಲಿ ಒಂದು ಸುತ್ತು ಹಾಕಿದರೆ ಅಂಬೇಡ್ಕರ್ ಭವನ, ವಾಲ್ಮೀಕಿ ಭವನ, ಕನಕ ಭವನ, ಶಾದಿ ಮಹಲ್ ಒಂದಾದ ಮೇಲೊಂದು ಎದುರಾಗುತ್ತವೆ. ಜಯಂತಿಗಳೂ ಹಾಗೇ, ಆಯಾ ಜಯಂತಿಗೆ ಆಯಾ ಜನ. ಬೇರೆಯವರು ವೇದಿಕೆಯ ಮೇಲೆ ಶಾಲು ಹೊದ್ದು ಇಳಿಯುವವರೆಗೆ ಮಾತ್ರ. ಬಹಳ ಕಾಲ ಊರ ಕಲ್ಯಾಣಮಂಟಪ ಸಿಗದಿದ್ದವರಿಗೆ ತಮ್ಮದೊಂದು ಭವನ ಸಿಕ್ಕಿದ್ದು ಗೌರವದ ಮಾತು. ಹಾಗೆಂದು ಪುರಸಭೆಯ ದುಡ್ಡೆಲ್ಲ ಬೇರೆಬೇರೆ ಗೋಡೆಗಳಿಗೇ ಹೋಗಬೇಕಿಲ್ಲ.

ಭೂಮಿಯ ಪ್ರಶ್ನೆ ಇದಕ್ಕಿಂತ ಗಟ್ಟಿ. ಪಾವ‌ಗಡದ ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಎದ್ದಿದೆ. ಭೂಮಿ ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ನಿಗದಿಯಾಯಿತು. ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಜಮೀನು ಕಿತ್ತುಕೊಳ್ಳದೆ ಗುತ್ತಿಗೆ ಪಡೆದ ಈ ಕ್ರಮಕ್ಕೆ ಮೆಚ್ಚುಗೆ ಬಂತು. ಭೂಮಿಯೇ ಇಲ್ಲದವರಿಗೆ ಗುತ್ತಿಗೆ ಹಣವೂ ಇಲ್ಲ, ಕಡಲೆಕಾಯಿ ಕೀಳುವ ಕೂಲಿಯೂ ಇಲ್ಲ. ಅವರಲ್ಲಿ ದಲಿತರೇ ಹೆಚ್ಚು. ಫಲಕ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು. ಉಳಿದವರು ಬೆಂಗಳೂರು ಬಸ್ ಹತ್ತಿದರು. ಯಾರೂ ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ. ಆದರೂ ಹಳೆಯ ಪಹಣಿಯಲ್ಲಿದ್ದ ಅಸಮಾನತೆ ಹೊಸ ಕಾಲದ ಒಪ್ಪಂದದೊಳಕ್ಕೆ ತಾನಾಗಿ ಬಂದು ಕೂತಿತು.

ಅಲೆಮಾರಿಗಳಿಗೆ ಪಹಣಿಯೂ ಇಲ್ಲ. ಸಂತೆ ಮೈದಾನದ ಅಂಚಿನಲ್ಲಿ ಟಾರ್ಪಾಲಿನ ಕೆಳಗೆ ಬದುಕುವ ಸಿಳ್ಳೇಕ್ಯಾತ, ಹಂದಿಜೋಗಿ, ಬುಡ್ಗಜಂಗಮ ಕುಟುಂಬಗಳಿಗೆ ಜಾತಿ ಪ್ರಮಾಣಪತ್ರ ಬೇಕೆಂದರೆ ವಿಳಾಸ ಬೇಕು, ವಿಳಾಸಕ್ಕೆ ನಿವೇಶನ ಬೇಕು. 2025ರ ಆಗಸ್ಟ್‌ನಲ್ಲಿ ರಾಜ್ಯ ಸಂಪುಟ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯನ್ನು ಶೇ 6, 6, 5 ಎಂದು ಹಂಚಿದಾಗ, ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಈ 59 ಸಣ್ಣ ಸಮುದಾಯಗಳಿಗೆ ಪ್ರತ್ಯೇಕವಾಗಿ ಸೂಚಿಸಿದ್ದ ಶೇ 1 ಕಾಣೆಯಾಗಿ, ಅವರೆಲ್ಲ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕೂತರು.

ಶೇ 24.10

ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ವರಮಾನದಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡಗಳ ಏಳಿಗೆಗೆ, ಶೇ 7.25ರಷ್ಟನ್ನು ಇತರ ಬಡವರಿಗೆ ತೆಗೆದಿಡಬೇಕು. ಸಾಮಾನ್ಯವಾಗಿ ಈ ಹಣ ಎರಡು ಚರಂಡಿ, ಒಂದಿಷ್ಟು ಹೊಲಿಗೆ ಯಂತ್ರ, ಲ್ಯಾಪ್‌ಟಾಪ್ ವಿತರಣೆಯ ಫೋಟೊಗಳಲ್ಲಿ ಮುಗಿಯುತ್ತದೆ. ಅಂತರ್ಜಾತಿ ವಿವಾಹವಾದ ಜೋಡಿಗೆ ಸಮಾಜ ಕಲ್ಯಾಣ ಇಲಾಖೆ ಪ್ರೋತ್ಸಾಹಧನ ಕೊಡುತ್ತದೆ: ವರ ಪರಿಶಿಷ್ಟ ಜಾತಿಯವನಾಗಿದ್ದರೆ 2.5 ಲಕ್ಷ, ವಧು ಪರಿಶಿಷ್ಟ ಜಾತಿಯವಳಾಗಿದ್ದರೆ 3 ಲಕ್ಷ ರೂಪಾಯಿ. ದುಡ್ಡು ಬರುತ್ತದೆ. ಆದರೆ ಅವರು ಊರಿಗೆ ಹೋಗುವಂತಿಲ್ಲ, ಪೇಟೆಯಲ್ಲಿ ಮನೆ ಸಿಗುವುದಿಲ್ಲ. ಶಿರಾ ನಗರಸಭೆಯೋ ಮಧುಗಿರಿ ಪುರಸಭೆಯೋ ಇಂಥ ಜೋಡಿಗಳಿಗೆ, ಹೊರ ರಾಜ್ಯದ ಕಾರ್ಮಿಕರಿಗೆ, ವರ್ಗವಾಗಿ ಬಂದ ಒಂಟಿ ಮಹಿಳೆಯರಿಗೆ ಜಾತಿ ಕೇಳದೆ ಕೊಡುವ ಹತ್ತಿಪ್ಪತ್ತು ಬಾಡಿಗೆ ಮನೆಗಳನ್ನು ಕಟ್ಟಿಸಿದರೆ, ಮೊದಲ ಬಾರಿಗೆ ಈ ಪಟ್ಟಣಗಳಲ್ಲಿ 'ನಿಮ್ದು ಯಾವ ಜನ' ಎಂದು ಕೇಳದ ಮಾಲೀಕನೊಬ್ಬ ಸಿಕ್ಕಂತಾಗುತ್ತದೆ.

ಈ ಸಂಸ್ಥೆಗಳ ಬಜೆಟ್ ಸಭೆಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಸಭೆ ನಡೆಯುತ್ತದೆ. ಅದಕ್ಕೆ ಬರುವವರು ಹೆಚ್ಚಾಗಿ ವರ್ತಕರು, ಗುತ್ತಿಗೆದಾರರು. ಕೇಳುವುದು ಬೀದಿದೀಪ, ಪಾರ್ಕಿಂಗು. ಕೇರಿಯ ಮಹಿಳಾ ಸಂಘದವರು, ಹಟ್ಟಿಯ ಕಾಲೇಜು ಹುಡುಗಿಯರು, ಟಾರ್ಪಾಲಿನ ಕೆಳಗಿನ ಕುಟುಂಬಗಳು ಆ ಸಭೆಯ ತಾರೀಕನ್ನು ಮುಂಚಿತವಾಗಿ ತಿಳಿದು ಬಂದು ಕೂತರೆ, ನೀರಿನ ಘಟಕ ಎಲ್ಲಿ, ನಿವೇಶನ ಎಲ್ಲಿ, ಸ್ಮಶಾನಕ್ಕೆ ಎಷ್ಟು ಗುಂಟೆ ಎಂಬ ಪ್ರಶ್ನೆಗಳು ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತವೆ. ದಾಖಲಾದದ್ದಕ್ಕೆ ಮುಂದಿನ ವರ್ಷ ಲೆಕ್ಕ ಕೇಳಬಹುದು.